ಟಿಕೆಟ್ ಕೇಳೋಕೆ ಹೋದ್ರೆ ಮೊದಲ ಪ್ರಶ್ನೆ ದುಡ್ಡಿಂದು



ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸೋಕೆ ಪಕ್ಷದೊಳಗೇ ಮತದಾನ ನಡೆಯುತ್ತೆ. ಯಾರು ಎಷ್ಟು ದೇಣಿಗೆ ಎತ್ತಿದ್ರು ಅಂತ ನೋಡಿ ಗೆಲ್ಲೋರ ಲೆಕ್ಕ ಹಾಕ್ತಾರೆ. ನಮ್ಮಲ್ಲಿ ಆ ಮತದಾನ ಇಲ್ಲ, ದುಡ್ಡಿನ ಲೆಕ್ಕ ಮಾತ್ರ ಇದೆ.

2022ರ ನವೆಂಬರಿನಲ್ಲಿ ಕೆಪಿಸಿಸಿ ಟಿಕೆಟ್ ಅರ್ಜಿಗೆ 5,000 ರೂಪಾಯಿ, ಜೊತೆಗೆ 2 ಲಕ್ಷದ ಡಿಡಿ ಕೇಳಿತು. ಎಸ್‌ಸಿ, ಎಸ್‌ಟಿಗಳಿಗೆ 1 ಲಕ್ಷ. ವಿಧಾನಸಭೆಗೆ ನಾವು ಕಟ್ಟೋ ಠೇವಣಿ ಬರೀ 5,000. ಅಂದ್ರೆ ಕಣಕ್ಕಿಳಿಯೋದಕ್ಕಿಂತ ಪಕ್ಷದ ಬಾಗಿಲು ತಟ್ಟೋದೇ ಇಪ್ಪತ್ತು ಪಟ್ಟು ದುಬಾರಿ. ಬೇರೆ ಪಕ್ಷದವರೂ ಕೇಳೋದು ಒಂದೇ: "ಎಷ್ಟು ಹಾಕ್ತೀಯಪ್ಪ?"

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸಾಮಾನ್ಯ ಕ್ಷೇತ್ರ. ಸಾಮಾನ್ಯ ಅಂದ್ರೆ ನಮಗೂ ಹಕ್ಕಿದೆ ಅಂತ. ಆದ್ರೆ ತೋಟ, ಮಂಡಿ ಇರೋರ ಕೈಯಲ್ಲಿ ದುಡ್ಡು, ಕಾಯಿ ಸುಲಿಯೋರ ಕೈಯಲ್ಲಿ ಬೊಬ್ಬೆ. ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಹಾಗಂತ ದುಡ್ಡು ಎತ್ತೋದೇ ತಪ್ಪಲ್ಲ. 1988ರ ಅಲಹಾಬಾದ್ ಉಪಚುನಾವಣೆಯಲ್ಲಿ ಕಾನ್ಶಿರಾಂ ಓಟಿನ ಜೊತೆ ನೋಟನ್ನೂ ಕೇಳಿದ್ರು. ಸೋತರು ನಿಜ. ಆದ್ರೆ ನೋಟು ಕೊಟ್ಟ ಬಡವ ಓಟು ಮಾರ್ಕೊಳ್ಳಲ್ಲ ಅನ್ನೋ ಲೆಕ್ಕ ಸುಳ್ಳಾಗಲ್ಲ. ಒಬ್ಬನ ಜೇಬಿಂದ ಬಂದ ಕೋಟಿ ಸಾಲ, ಗೆದ್ದ ಮೇಲೆ ತೀರಿಸ್ಬೇಕು. ಸಾವಿರ ಮನೆಯಿಂದ ಬಂದ ಹತ್ತತ್ತು ರೂಪಾಯಿ ತಲೆ ಎಣಿಕೆ.

ಟಿಕೆಟ್‌ಗೆ ಬೆಂಗಳೂರಿಗೆ ಅಲೆಯೋದಕ್ಕೆ ಮುಂಚೆ ರಸೀದಿ ಪುಸ್ತಕ ಹಿಡಿದು ನಮ್ಮ ಕೇರಿಗಳಿಗೆ ಹೋಗೋಣ. ನಮ್ಮ ಬಲ ಎಷ್ಟು ಅಂತ ಮೊದಲು ನಮಗೇ ಗೊತ್ತಾಗ್ಲಿ.