ಗೊಂಬೆಗೂ ಕನ್ನಡ ಬರಲಿ



ಐಸಿಯುನಲ್ಲಿ ಮಲಗಿರುವ ರೋಗಿಯನ್ನು ಮೊದಲ ಸಲ ಎಬ್ಬಿಸಿ ಕೂರಿಸುವುದು ಫಿಸಿಯೋಥೆರಪಿ ಕಲಿಯುವವರ ಕೈ ನಡುಗಿಸುವ ಕೆಲಸ. ಮೈತುಂಬ ನಳಿಕೆಗಳು; ಕೂರಿಸುತ್ತಿದ್ದಂತೆ ರಕ್ತದೊತ್ತಡ ಇಳಿಯಬಹುದು. ಇಲ್ಲಿ ಅಮೆರಿಕಾದಲ್ಲಿ ಇದನ್ನು ಮೊದಲು ಕಂಪ್ಯೂಟರ್ ನಡೆಸುವ ಗೊಂಬೆಯ ಮೇಲೆ, ಇಲ್ಲವೇ ರೋಗಿಯಂತೆ ನಟಿಸುವವರ ಮೇಲೆ ಕಲಿಸುವ ಕಾಲೇಜುಗಳಿವೆ. ತಪ್ಪಾದರೆ ಮಾನಿಟರ್ ಕೂಗುತ್ತೆ, ಅಷ್ಟೆ. ಆಸ್ಟ್ರೇಲಿಯಾದಿಂದ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪತ್ರೆ ತರಬೇತಿಯ 25% ಸಮಯವನ್ನು ಹೀಗೆ ಕಳೆದ ಫಿಸಿಯೋ ವಿದ್ಯಾರ್ಥಿಗಳು ಉಳಿದವರಿಗಿಂತ ಹಿಂದೆ ಬೀಳಲಿಲ್ಲ.

ನಮ್ಮ ಮಣಿಪಾಲದಲ್ಲೂ ಸಿಮ್ಯುಲೇಶನ್ ಕೇಂದ್ರವಿದೆ. ಸಂತೋಷ. ಆದರೆ ಇಷ್ಟು ದುಡ್ಡು ಸುರಿದು ತಂದ ಗೊಂಬೆ ಇಂಗ್ಲಿಷಿನಲ್ಲೇ ನರಳಿದರೆ ಏನು ಬಂತು? ಮಂಡ್ಯದ ಅಜ್ಜಿ ನೋವು ಹತ್ತಕ್ಕೆ ಏಳು ಅನ್ನಲ್ಲ. "ಸೊಂಟದಿಂದ ಛಳಕ್ ಅಂತದೆ ಕಣಪ್ಪ, ಕಾಲೆಲ್ಲಾ ಜೋಮು" ಅಂತಾಳೆ. ಆ ಜೋಮು ನರ ಒತ್ತಿದ್ದರ ಸುಳಿವಿರಬಹುದು. ಆ ಪದವೇ ತಿಳಿಯದ ಹುಡುಗ ಅದನ್ನು ಬರೀ ಸುಸ್ತು ಎಂದು ಬರೆದುಕೊಂಡಾನು. ಗೊಂಬೆಯ ಮುಂದೆ ಕಲಿಯಬೇಕಾದ್ದು ಇದನ್ನೂ ಅಲ್ಲವೇ?

ವಾಷಿಂಗ್ಟನ್ನಿನ ಕಾವೇರಿಯಲ್ಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದಲ್ಲಿ ನಾಟಕ ಆಡುವವರಿಗೇನೂ ಬರವಿಲ್ಲ. ಫಿಸಿಯೋಗಳು, ಸಾಫ್ಟ್‌ವೇರ್ ಮಂದಿ ಜೊತೆಗೆ ಕೂತು ಹತ್ತು ರೋಗಿಗಳ ಪಾತ್ರ ಬರೆದು, ದನಿ ಮುದ್ರಿಸಿ, ಊರಿನ ಕಾಲೇಜುಗಳಿಗೆ ಪುಕ್ಕಟೆ ಕಳಿಸಬಹುದು. ಹುಬ್ಬಳ್ಳಿ, ಕಲಬುರಗಿ ಮಾತಿನವರು ಮೊದಲು ಕೈಯೆತ್ತಿ. ಮೈಸೂರು ಕಡೆಯವರು ನಾವು ಹೇಗೂ ಬೇಕಾದಷ್ಟಿದ್ದೇವೆ!