ಪಿಕಪ್ ಎತ್ತರಿಸುವ ಮುನ್ನ ಟೈರಿನ ಮೇಲಿನ ಅಂಕಿ ಓದಿ

ಮಳೆಗಾಲ ಶುರುವಾದರೆ ನಮ್ಮೆಲ್ಲರ ಮೊಬೈಲ್‌ನಲ್ಲೂ ಒಂದೇ ಬಗೆಯ ರೀಲ್ಸ್. ಸಕಲೇಶಪುರದ ಕಡೆಯ ಯಾವುದೋ ತೋಟದ ಕೆಸರು, ಅದರ ನಡುವೆ ಎದೆಯುಬ್ಬಿಸಿ ನಿಂತ ಪಿಕಪ್, ಸೊಂಟದೆತ್ತರದ ಟೈರ್, ಹಿಂದೊಂದು ಅಬ್ಬರದ ಹಾಡು. ಹಾಸ್ಟೆಲ್ ರೂಮಿನಲ್ಲಿ ಇದನ್ನು ನೋಡಿದವರು ಮೊದಲು ಕೇಳುವುದು, 'ಎಷ್ಟು ಇಂಚು ಲಿಫ್ಟ್ ಮಾಡ್ಸಿದಾನೆ ಮಗಾ?' ಬ್ರೇಕ್ ಏನು ಮಾಡಿದ್ದಾನೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಇದು ಬರೀ ಶೋಕಿಯ ಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಶೋಕಿಗೆ ದುಡ್ಡಿದ್ದವರು ಏನಾದರೂ ಮಾಡಿಕೊಳ್ಳಲಿ. ಆದರೆ ಈ ಹುಚ್ಚು ಈಗ ಹಳದಿ ಬೋರ್ಡ್‌ಗೂ ಬಂದಿದೆ. ನಮ್ಮ ದೊಡ್ಡಪ್ಪನ ಮಗ ಬಿ.ಕಾಂ. ಮುಗಿಸಿ, ಎರಡು ವರ್ಷ ಕೆಲಸ ಹುಡುಕಿ, ಕೊನೆಗೆ ಬ್ಯಾಂಕ್ ಸಾಲದಲ್ಲಿ ಪಿಕಪ್ ತೆಗೆದುಕೊಂಡ. ಶುಂಠಿ, ತರಕಾರಿ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ಅವನ ದುಡಿಮೆ. ಈಗ ಅವನಿಗೂ ಎರಡು ಇಂಚು ಲಿಫ್ಟ್, ದೊಡ್ಡ ಟೈರ್ ಬೇಕಂತೆ. 'ನೀನು ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಹಾಕಿಸ್ಲೋ ಬೇಡ್ವೋ ಹೇಳು' ಎಂದು ಫೋನ್ ಮಾಡಿದ್ದ. ಅವನಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಕೆಲಸ ಸಿಗದೆ ಗಾಡಿ ಹಿಡಿದ ಈ ಅಣ್ಣಂದಿರಿಗೆ ನನ್ನ ಉತ್ತರ ಇಷ್ಟೇ: ಟೈರನ್ನು ಯೋಚಿಸಿ ಆರಿಸಿ, ಲಿಫ್ಟ್ ಮರೆತುಬಿಡಿ.

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಯಿಂದ ಶುರು ಮಾಡೋಣ. 245/70 ಆರ್16 ಎಂದಿದ್ದರೆ ಟೈರಿನ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 70, ರಿಮ್ 16 ಇಂಚು. ಎಲ್ಲ ಕೂಡಿದರೆ ಟೈರಿನ ಒಟ್ಟು ವ್ಯಾಸ ಸುಮಾರು 749 ಮಿ.ಮೀ. ಇದರ ಜಾಗದಲ್ಲಿ ಹುಡುಗರು ಆಸೆಪಡುವ 265/75 ಆರ್16 ಹಾಕಿದರೆ 804 ಮಿ.ಮೀ. ನೋಡಲು ಗಾಡಿಯೇ ಬದಲಾದಂತೆ ಕಾಣುತ್ತದೆ. ಆದರೆ ನೆಲದಿಂದ ಆಕ್ಸಲ್ ಮೇಲೇಳುವುದು ವ್ಯಾಸದ ಅರ್ಧದಷ್ಟು ಮಾತ್ರ, ಅಂದರೆ 27 ಮಿ.ಮೀ. ಒಂದು ಇಂಚು ಚಿಲ್ಲರೆ!

ಆ ಒಂದು ಇಂಚಿಗೆ ಕೊಡುವ ಬೆಲೆ ಕೇಳಿ. ಚಕ್ರ ಒಂದು ಸುತ್ತಿಗೆ ಶೇ 7ರಷ್ಟು ಹೆಚ್ಚು ದೂರ ಉರುಳುತ್ತದೆ. ಸ್ಪೀಡೋಮೀಟರ್‌ಗೆ ಇದು ಗೊತ್ತಾಗುವುದಿಲ್ಲ. ಅದು 80 ತೋರಿಸುವಾಗ ನೀವು 86ರಲ್ಲಿ ಓಡುತ್ತಿರುತ್ತೀರಿ. ಮೀಟರ್ ನೋಡಿ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಹಾಕುವವರಾದರೆ ಓಡಿದ ಪ್ರತಿ 107 ಕಿಲೋಮೀಟರ್‌ಗೆ ನಿಮಗೆ ಸಿಗುವುದು 100ರ ದುಡ್ಡು. (ಇದನ್ನು ಹೇಳಿದಾಗ ಮಾತ್ರ ಅಣ್ಣ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದ.) ಎಂಜಿನ್ ಅದೇ, ಗೇರ್ ಅದೇ ಇರುವಾಗ ಚಕ್ರ ದೊಡ್ಡದಾದರೆ ನೆಲಕ್ಕೆ ಸಿಗುವ ಎಳೆತ ಸುಮಾರು ಶೇ 7 ಕಡಿಮೆಯಾಗುತ್ತದೆ. ಲೋಡ್ ತುಂಬಿ ಏರು ಹತ್ತುವಾಗ ಆ ಕೊರತೆಯನ್ನು ತುಂಬುವುದು ನಿಮ್ಮ ಕ್ಲಚ್ ಪ್ಲೇಟ್. ಬ್ರೇಕಿಗೂ ಇದೇ ಲೆಕ್ಕ, ಅದೇ ಗಾಡಿಯನ್ನು ಅಷ್ಟೇ ದೂರದಲ್ಲಿ ನಿಲ್ಲಿಸಲು ಶೇ 7 ಹೆಚ್ಚು ಬಲ ಹಾಕಬೇಕು.

ಅಳತೆಯ ನಂತರ ಬರುವ ಇನ್ನೊಂದು ಸಂಖ್ಯೆಯನ್ನು ಬಹಳ ಜನ ನೋಡುವುದೇ ಇಲ್ಲ. ಅದು ಲೋಡ್ ಇಂಡೆಕ್ಸ್. 111 ಎಂದಿದ್ದರೆ ಆ ಒಂದು ಟೈರ್ ಹೊರಬಲ್ಲ ಭಾರ 1,090 ಕಿಲೋ, 107 ಇದ್ದರೆ 975 ಕಿಲೋ. ಕಾರಿನಂಥ ಎಸ್‌ಯುವಿಗಳಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಟೈರ್ ನೋಡಲು ಭರ್ಜರಿಯಾಗಿರಬಹುದು. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇಂಡೆಕ್ಸ್ ಇದ್ದರೆ ಅದು ಶುಂಠಿ ಚೀಲ ಹೊರುವ ಗಾಡಿಗೆ ಆಗಿಬರುವ ಟೈರ್ ಅಲ್ಲ.

ಇನ್ನು ಲಿಫ್ಟ್. ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಸಸ್ಪೆನ್ಷನ್ ಎತ್ತರಿಸಿದರೆ ಮೇಲೇಳುವುದು ಛಾಸಿ ಮತ್ತು ಬಾಡಿ. ಪಿಕಪ್‌ನ ಹಿಂದಿನ ಆಕ್ಸಲ್, ಅದರ ಮಧ್ಯೆ ಹೊಟ್ಟೆಯಂತೆ ಇಳಿಬಿದ್ದಿರುವ ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತವೆ. ತೋಟದ ದಾರಿಯ ಎರಡು ಚಕ್ರದ ಗಾಡುಗಳ ನಡುವಿನ ದಿಬ್ಬಕ್ಕೆ ಮೊದಲು ಉಜ್ಜುವುದು ಸಾಮಾನ್ಯವಾಗಿ ಅದೇ ಡಿಫರೆನ್ಶಿಯಲ್. ಅದನ್ನು ಎತ್ತರಿಸುವ ಶಕ್ತಿ ಇರುವುದು ಟೈರಿಗೆ ಮಾತ್ರ. ದೊಡ್ಡ ಬಂಡೆ ಹತ್ತುವವರಿಗೆ, ಹಳ್ಳಕ್ಕೆ ಮೂತಿ ಇಳಿಸುವವರಿಗೆ ಲಿಫ್ಟ್‌ನಿಂದ ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ಉಳಿದವರು ಅದನ್ನು ಮಾಡಿಸುವುದು ಹೆಚ್ಚಾಗಿ ದೊಡ್ಡ ಟೈರ್ ಮಡ್‌ಗಾರ್ಡ್‌ಗೆ ತಾಗದಿರಲಿ ಎಂದು.

ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಯಲ್ಲಿ ಎತ್ತರ ಹೆಚ್ಚಿದಷ್ಟೂ ಬಾಲ್ ಜಾಯಿಂಟ್, ಟೈ ರಾಡ್‌ಗಳ ಕೋನ ಕೆಡುತ್ತದೆ. ಅಲೈನ್‌ಮೆಂಟ್ ಸರಿಯಾಗಿ ಕೂರದೆ ಹೊಸ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಇದು ಕಣ್ಣಿಗೆ ಕಾಣುವ ತೊಂದರೆ. ಕಣ್ಣಿಗೆ ಕಾಣದ್ದು ಹಿಂದಿದೆ.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಛಾಸಿಯ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಅದರ ತುದಿಯಲ್ಲೊಂದು ವಾಲ್ವ್. ಲೋಡ್ ಸೆನ್ಸಿಂಗ್ ವಾಲ್ವ್ ಎನ್ನುತ್ತಾರೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಎಲ್‌ಎಸ್‌ಪಿವಿ. ಗಾಡಿ ಖಾಲಿ ಇದ್ದಾಗ ಛಾಸಿ ಮೇಲಿರುತ್ತದೆ, ಆಗ ಹಿಂದಿನ ಚಕ್ರ ಲಾಕ್ ಆಗಿ ಜಾರದಿರಲೆಂದು ವಾಲ್ವ್ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಬಿಡುತ್ತದೆ. ಲೋಡ್ ಬಿದ್ದಾಗ ಛಾಸಿ ಕೆಳಗಿಳಿಯುತ್ತದೆ, ಸರಳು ತಿರುಗುತ್ತದೆ, ಹಿಂದಿನ ಬ್ರೇಕಿಗೆ ಪೂರ್ತಿ ಒತ್ತಡ ಸಿಗುತ್ತದೆ. ಎಷ್ಟು ಚೆಂದದ ವ್ಯವಸ್ಥೆ! ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಆಕ್ಸಲ್‌ಗೂ ಛಾಸಿಗೂ ಇರುವ ದೂರವೇ ಅದರ ತಕ್ಕಡಿ. ಈಗ ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಎರಡು ಇಂಚಿನ ಬ್ಲಾಕ್ ಇಟ್ಟು ಲಿಫ್ಟ್ ಮಾಡಿದಿರಿ ಎನ್ನಿ. ದೂರ ಎರಡು ಇಂಚು ಹೆಚ್ಚಾಯಿತು. ಒಂದು ಟನ್ ತುಂಬಿದರೂ ಆ ವಾಲ್ವ್ ಗಾಡಿ ಹಗುರವಾಗಿದೆ ಎಂದೇ ತಿಳಿಯುತ್ತದೆ, ಹಿಂದಿನ ಬ್ರೇಕನ್ನು ಬಿಗಿಹಿಡಿಯುತ್ತದೆ. ಕೊಟ್ಟಿಗೆಹಾರದಿಂದ ಕೆಳಗಿಳಿಯುವ ಒಂದೊಂದು ತಿರುವಿನಲ್ಲೂ ಹೆಚ್ಚಿನ ಭಾರ ಬೀಳುವುದು ಮುಂದಿನ ಬ್ರೇಕಿನ ಮೇಲೆ. ಅದು ಕಾದು ಕೆಂಡವಾದ ಮೇಲೆ ಪೆಡಲ್ ಒತ್ತಿದರೂ ಹಿಡಿತ ಸಿಗದು. ವಾಲ್ವ್‌ನ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಬಹುದು, ಅಸಾಧ್ಯವೇನಲ್ಲ. ಆದರೆ ಲಿಫ್ಟ್ ಕಿಟ್ ಮಾರುವವರನ್ನು 'ಎಲ್‌ಎಸ್‌ಪಿವಿ ಏನು ಮಾಡ್ತೀರಿ?' ಎಂದು ಕೇಳಿ ನೋಡಿ. ಉತ್ತರ ತಡವರಿಸಿದರೆ ಕೀಲಿ ತೆಗೆದುಕೊಂಡು ಮನೆಗೆ ಬನ್ನಿ.

ಮಗುಚುವ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಡ ಬಲ ಚಕ್ರಗಳ ನಡುವಿನ ದೂರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ವಾಹನಗಳಿಗೆ ಅಂಕ ಕೊಡಲು ಬಳಸುತ್ತದೆ. ಸಂಖ್ಯೆ ಇಳಿದಷ್ಟೂ ಗಾಡಿ ಮಗುಚುವ ಸಾಧ್ಯತೆ ಹೆಚ್ಚು. ಚಕ್ರಗಳ ನಡುವೆ 1,570 ಮಿ.ಮೀ., ಗುರುತ್ವ ಕೇಂದ್ರ 700 ಮಿ.ಮೀ. ಎತ್ತರ ಎಂದುಕೊಂಡರೆ 1.12 ಬರುತ್ತದೆ. ಲಿಫ್ಟ್ ಮತ್ತು ಟೈರ್ ಸೇರಿ ಗುರುತ್ವ ಕೇಂದ್ರ 70 ಮಿ.ಮೀ. ಮೇಲೇರಿದರೆ ಅದು 1.02. ಇದು ಖಾಲಿ ಗಾಡಿಯ ಮಾತು. ಮೇಲೆ ತರಕಾರಿ ಕ್ರೇಟ್ ಪೇರಿಸಿದ ಮೇಲಿನ ಲೆಕ್ಕವನ್ನು ನೀವೇ ಊಹಿಸಿ.

ಕಾನೂನಿನ ಕಡೆಗೂ ಒಂದು ಕಣ್ಣು ಹಾಯಿಸಬೇಕು. ಆರ್‌ಸಿಯಲ್ಲಿ ನಮೂದಾದ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ ₹5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಳದಿ ಬೋರ್ಡ್‌ಗೆ ಎಫ್‌ಸಿ ಬೇರೆ ಆಗಬೇಕು. ಅಪಘಾತವಾದರೆ ವಿಮೆ ಕಂಪನಿಗೆ ಕ್ಲೈಮ್ ತಳ್ಳಿಹಾಕಲು ನಾವೇ ಕಾರಣ ಒದಗಿಸಿದಂತೆ. ಗಾಡಿ ಗುಜರಿಗೆ ಹೋದರೂ ಸಾಲದ ಕಂತು ಮಾತ್ರ ತಪ್ಪದು.

ಹಾಗಾದರೆ ಕೆಸರಿನ ದಾರಿಯಲ್ಲಿ ಓಡುವವರು ಏನು ಮಾಡಬೇಕು? ಕೆಸರಿನಲ್ಲಿ ಗಾಡಿ ಹೂತುಕೊಳ್ಳುವುದು ಹೆಚ್ಚಿನ ಸಲ ಟೈರಿಗೆ ಹಿಡಿತವಿಲ್ಲದೆ. ಕಂಪನಿ ಹೇಳಿದ ಅಳತೆಯಲ್ಲೇ, ಅಥವಾ ಅದೇ ಗಾಡಿಯ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಅಳತೆಯಲ್ಲಿ ಆಲ್ ಟೆರೇನ್ ಟೈರ್ ಹಾಕಿಸಿ. ಮಡ್ ಟೆರೇನ್ ಬೇಡ. ಅದರ ದಪ್ಪ ಗುಬಟುಗಳು ಕೆಸರಿನಲ್ಲಿ ರಾಜ, ಒದ್ದೆ ಡಾಂಬರಿನಲ್ಲಿ ನಂಬುವಂತಿಲ್ಲ, ದಿನವಿಡೀ ಗುಂಯ್‌ಗುಡುತ್ತದೆ. ಮಲೆನಾಡಿನ ಹಳೆಯ ಜೀಪ್ ಡ್ರೈವರ್‌ಗಳು ಮಳೆಗಾಲದಲ್ಲಿ ಟೈರಿಗೆ ಕಬ್ಬಿಣದ ಚೈನ್ ಸುತ್ತಿ ಏರು ಹತ್ತುತ್ತಾರೆ, ಡಾಂಬರು ಸಿಕ್ಕ ಕೂಡಲೇ ಬಿಚ್ಚುತ್ತಾರೆ. ಅವರು ಯಾವ ಕಿಟ್ಟನ್ನೂ ಕೊಂಡವರಲ್ಲ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯುವ ಆ ಜಾಣತನ ನಮ್ಮ ಎರಡು ಇಂಚಿನ ಬ್ಲಾಕಿಗಿಲ್ಲ.

ಕಾನೂನು ಪೂರ್ತಿ ಸರಿ ಎಂದು ನಾನು ವಾದಿಸುತ್ತಿಲ್ಲ. ಎಲ್ಲದಕ್ಕೂ 'ಇಲ್ಲ' ಎಂದರೆ ಕೆಲಸ ಕದ್ದು ನಡೆಯುತ್ತದೆ, ಸಂದಿಯ ವೆಲ್ಡಿಂಗ್ ಶಾಪ್‌ನಲ್ಲಿ ನಡೆಯುತ್ತದೆ. ಪಿಕಪ್ ಎತ್ತರಿಸುವ ಹುಚ್ಚು ನಮಗಿಂತ ಜೋರಾಗಿರುವ ಆಸ್ಟ್ರೇಲಿಯಾದಲ್ಲಿ ವಿಎಸ್‌ಬಿ 14 ಎಂಬ ಸಂಹಿತೆ ಇದೆ. ಸರಕು ವಾಹನದ ಟೈರ್ ವ್ಯಾಸವನ್ನು ಎಷ್ಟು ಹೆಚ್ಚಿಸಬಹುದು ಎಂಬುದಕ್ಕೆ ಅಲ್ಲಿ ಮಿತಿ ಇದೆ, ಅದು 50 ಮಿ.ಮೀ. ನಾನು ಮೇಲೆ ಲೆಕ್ಕ ಹಾಕಿದ ಟೈರ್ ಅಲ್ಲೂ ಪಾಸಾಗದು! ಒಂದು ಮಟ್ಟ ಮೀರಿ ಎತ್ತರಿಸಬೇಕಾದರೆ ಮಾನ್ಯತೆ ಪಡೆದ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕಬೇಕು.

ಆ ಸಹಿಯೂ ಒಂದು ಉದ್ಯೋಗ ಎಂಬುದನ್ನು ನನ್ನ ಕ್ಲಾಸಿನವರು ಗಮನಿಸಬೇಕು. ಪೀತಂಪುರದ ಬಾಹಾ ಸ್ಪರ್ಧೆಗೆಂದು ಪ್ರತಿ ವರ್ಷ ನಮ್ಮಂಥ ವಿದ್ಯಾರ್ಥಿಗಳೇ ಸಸ್ಪೆನ್ಷನ್ ವಿನ್ಯಾಸ ಮಾಡುತ್ತಾರೆ, ಗುರುತ್ವ ಕೇಂದ್ರ ಅಳೆಯುತ್ತಾರೆ, ಬ್ರೇಕ್ ಪರೀಕ್ಷೆ ಪಾಸಾಗದೆ ಟ್ರ್ಯಾಕಿಗೆ ಇಳಿಯುವಂತಿಲ್ಲ. ಡಿಗ್ರಿ ಮುಗಿದ ಮೇಲೆ ಆ ವಿದ್ಯೆ ಐಟಿ ಕಂಪನಿಯ ಟೆಸ್ಟಿಂಗ್ ಬೆಂಚಿನಲ್ಲಿ ಮರೆತುಹೋಗುತ್ತದೆ. ಸಾರಿಗೆ ಇಲಾಖೆ ಜಿಲ್ಲೆಗೊಂದು ಎಂಜಿನಿಯರಿಂಗ್ ಕಾಲೇಜನ್ನು ಗುರುತಿಸಿ, ಮಾರ್ಪಾಡು ಬಯಸುವ ಗಾಡಿಯನ್ನು ತೂಗಿ, ಬ್ರೇಕ್ ಅಳೆದು, ವಾಲ್ವ್ ನೋಡಿ, ಇಂತಿಷ್ಟು ಮಿಲಿಮೀಟರ್‌ವರೆಗೆ ಸರಿ ಎಂದು ಬರೆದುಕೊಡುವ ವ್ಯವಸ್ಥೆ ಮಾಡಲಿ. ತೂಕದ ಸೇತುವೆ ಪ್ರತಿ ಎಪಿಎಂಸಿ ಯಾರ್ಡ್ ಸುತ್ತಮುತ್ತ ಇದೆ, ಉಳಿದ ಉಪಕರಣಗಳಲ್ಲಿ ಎಷ್ಟೋ ನಮ್ಮ ಲ್ಯಾಬ್‌ಗಳಲ್ಲಿ ಧೂಳು ತಿನ್ನುತ್ತಿವೆ. ಅದಾಗುವವರೆಗೆ ಅಣ್ಣನ ಗಾಡಿ ಈಗಿರುವ ಎತ್ತರದಲ್ಲೇ ಘಾಟಿ ಇಳಿಯಲಿ.