ಹೆತ್ತವರಿಗೆ ಹೆಗ್ಗಣ ಮುದ್ದು

ತನ್ನ ಹಸ್ತಪ್ರತಿಯನ್ನು ತಾನೇ ತಿದ್ದಲು ಕುಳಿತ ಕಾದಂಬರಿಕಾರನು ಅಲ್ಪವಿರಾಮಗಳನ್ನು ಕಿತ್ತುಹಾಕಿ ಅಧ್ಯಾಯಗಳನ್ನು ಉಳಿಸಿಕೊಳ್ಳುತ್ತಾನೆ. ಕಾಗದದ ಮೇಲಿಲ್ಲದುದನ್ನೂ ಅವನ ಮನಸ್ಸು ಓದಿಕೊಳ್ಳುತ್ತದೆ. ಫ್ರಾನ್ಸಿನ ಗುಸ್ತಾವ್ ಫ್ಲೋಬೇರನು 1849ರಲ್ಲಿ ತನ್ನ ‘ಸಂತ ಆಂಟನಿಯ ಪ್ರಲೋಭನೆ’ಯನ್ನು ಕವಿ ಬೂಯೆ ಮತ್ತು ದ್ಯು ಕಾಂ ಎಂಬ ಆಪ್ತಮಿತ್ರರಿಗೆ ನಾಲ್ಕು ದಿನ, ಒಟ್ಟು 32 ಗಂಟೆಗಳ ಕಾಲ ಓದಿ ಹೇಳಿದನು. (ಕೇಳಿದವರ ತಾಳ್ಮೆಯೂ ಸ್ಮರಣೀಯವೇ!) ಪ್ರಶಂಸೆಗಾಗಿ ಕಾದವನಿಗೆ ದೊರೆತುದು, ಅದನ್ನು ಬೆಂಕಿಗೆ ಹಾಕೆಂಬ ಸಲಹೆ. ಬಹಳ ನೊಂದನು, ಆದರೂ ಕಟ್ಟನ್ನು ಬದಿಗಿರಿಸಿದನು. 1851ರಲ್ಲಿ, ಹಳ್ಳಿಯ ವೈದ್ಯನೊಬ್ಬನ ಹೆಂಡತಿಯ ಕಥೆಯಾದ ‘ಮದಾಂ ಬೊವಾರಿ’ಯನ್ನು ಆರಂಭಿಸಿ, ಸುಮಾರು ಐದು ವರ್ಷ ಅದನ್ನು ತಿದ್ದಿ ತೀಡಿದನು. ಲೋಕವು ಅವನನ್ನು ನೆನೆಯುವುದು ಅದಕ್ಕಾಗಿ. ಹಳೆಯ ಕಟ್ಟನ್ನು ಮಾತ್ರ ಅವನು ಸುಡಲಿಲ್ಲ. ಮತ್ತೆ ಮತ್ತೆ ಬರೆದು, 1874ರಲ್ಲಿ ಅಚ್ಚು ಹಾಕಿಸಿಯೇ ಬಿಟ್ಟನು.